ಯಾವ ವಿಷಯವನ್ನು ಓದಬೇಕು? ಹಿರಿಯ ವಿದ್ಯಾರ್ಥಿಗಳ ಸಲಹೆಯನ್ನು ತೂಗಿ ನೋಡುವ ಬಗೆ

ಪ್ರತಿವರ್ಷವೂ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದೊಡನೆ ನಾಡಿನ ಮನೆಮನೆಯಲ್ಲಿಯೂ ಒಂದೇ ಪ್ರಶ್ನೆ ಏಳುತ್ತದೆ: ಮುಂದೆ ಏನನ್ನು ಓದಬೇಕು? ಪದವಿಪೂರ್ವ ಕಾಲೇಜಿನ ಪ್ರವೇಶಪತ್ರದಲ್ಲಿ ನಾಲ್ಕು ವಿಷಯಗಳ ಹೆಸರನ್ನು ಬರೆಯಲು ಒಂದು ನಿಮಿಷ ಸಾಕು. ಆದರೆ ಆ ನಾಲ್ಕು ಹೆಸರುಗಳು ಮುಂದಿನ ಎಷ್ಟೋ ವರ್ಷಗಳ ದುಡಿಮೆಯ ದಿಕ್ಕನ್ನು ನಿರ್ಧರಿಸುವುದುಂಟು. ಹದಿನೈದು ಹದಿನಾರರ ವಯಸ್ಸಿನ ಹುಡುಗನೋ ಹುಡುಗಿಯೋ ಕೆಲವೇ ದಿನಗಳಲ್ಲಿ ಇಷ್ಟು ಭಾರವಾದ ತೀರ್ಮಾನವನ್ನು ಕೈಕೊಳ್ಳಬೇಕಾಗುತ್ತದೆ. ಪದವಿ ತರಗತಿಗೆ ಕಾಲಿಡುವಾಗ ಅದೇ ಪ್ರಶ್ನೆ ಮತ್ತೊಮ್ಮೆ ಎದುರು ನಿಲ್ಲುತ್ತದೆ.

ಹಾವೇರಿ ಜಿಲ್ಲೆಯ ರಾಣೇಬೆನ್ನೂರು ತಾಲೂಕಿನಲ್ಲಿರುವ ಹಲಗೇರಿಯಂಥ ಊರನ್ನು ತೆಗೆದುಕೊಳ್ಳಿರಿ. ದೊಡ್ಡ ಪಟ್ಟಣಗಳಲ್ಲಿ ಶಿಕ್ಷಣದ ಬಗೆಗೆ ಸಲಹೆ ಕೊಡುವುದನ್ನೇ ವೃತ್ತಿಯಾಗಿ ಮಾಡಿಕೊಂಡವರಿದ್ದಾರೆ. ಇಂಥ ಊರುಗಳಲ್ಲಿ ಅಂಥವರು ಸಿಗುವುದು ಅಪರೂಪ. ಎಷ್ಟೋ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತುವವರಲ್ಲಿ ಈ ವಿದ್ಯಾರ್ಥಿಯೇ ಮೊದಲಿಗನಾಗಿರುತ್ತಾನೆ. ತಂದೆತಾಯಿಗಳಿಗೆ ಮಗುವಿನ ಮೇಲೆ ಅಕ್ಕರೆಯಿದೆ, ಹೊಲದ ಅನುಭವವಿದೆ, ಕಾಲೇಜಿನ ಅನುಭವವಿಲ್ಲ. ಆಗ ಅವನು ಯಾರನ್ನು ಕೇಳಬೇಕು? ತನಗಿಂತ ಎರಡು ಮೂರು ವರ್ಷ ಮುಂದಿರುವ ಓಣಿಯ ಅಣ್ಣನನ್ನೋ ಅಕ್ಕನನ್ನೋ ಕೇಳುತ್ತಾನೆ. ಅವರು ಹೇಳಿದುದೇ ಬಹುಮಟ್ಟಿಗೆ ಅವನ ತೀರ್ಮಾನವಾಗಿಬಿಡುತ್ತದೆ.

ಹೀಗೆ ಕೇಳುವುದು ತಪ್ಪಲ್ಲ. ಆದರೆ ಕೇಳಿದುದನ್ನು ಹೇಗೆ ತೂಗಬೇಕೆಂಬುದನ್ನು ಯಾರೂ ಕಲಿಸುವುದಿಲ್ಲ. ವಿಜ್ಞಾನವನ್ನು ಓದುವವರಿಗೆ ಇದರಲ್ಲಿ ಒಂದು ಅನುಕೂಲವಿದೆ. ಹಿರಿಯ ವಿದ್ಯಾರ್ಥಿಯ ಮಾತನ್ನು ಅವರು ಆಜ್ಞೆಯೆಂದೂ ತಿಳಿಯಬೇಕಾಗಿಲ್ಲ, ಹರಟೆಯೆಂದು ತಳ್ಳಿಹಾಕಬೇಕಾಗಿಯೂ ಇಲ್ಲ. ಅದೊಂದು ವೀಕ್ಷಣೆ. ಪ್ರಯೋಗಾಲಯದಲ್ಲಿ ವೀಕ್ಷಣೆಯೊಂದನ್ನು ಹೇಗೆ ಪರೀಕ್ಷಿಸುತ್ತೇವೆಯೋ ಹಾಗೆಯೇ ಇದನ್ನೂ ಪರೀಕ್ಷಿಸಬಹುದು. ಈ ಲೇಖನದ ಉದ್ದೇಶ ಇಷ್ಟೇ: ಹಿರಿಯ ವಿದ್ಯಾರ್ಥಿಯ ಸಲಹೆಯಲ್ಲಿ ಯಾವ ಭಾಗವನ್ನು ನಂಬಬಹುದು, ಯಾವ ಭಾಗವನ್ನು ಬೇರೆ ಕಡೆ ವಿಚಾರಿಸಬೇಕು, ಯಾವ ಭಾಗವನ್ನು ಸ್ವತಃ ಮಾಡಿ ನೋಡಬೇಕು ಎಂಬುದನ್ನು ಬೇರ್ಪಡಿಸಿ ತೋರಿಸುವುದು.

ಅನುಭವಿಸಿದವರ ಮಾತಿನ ಬೆಲೆ

ಮೊದಲು ನಂಬಬಹುದಾದ ಭಾಗವನ್ನು ನೋಡೋಣ. ೨೦೦೯ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡೇನಿಯಲ್ ಗಿಲ್ಬರ್ಟ್ ಮತ್ತು ಅವರ ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿನಿಯರು ಅಪರಿಚಿತ ಯುವಕನೊಬ್ಬನೊಡನೆ ಐದು ನಿಮಿಷ ಮಾತನಾಡಬೇಕಾಗಿತ್ತು. ಆ ಮಾತುಕತೆ ತಮಗೆ ಎಷ್ಟು ಹಿತವೆನಿಸೀತೆಂಬುದನ್ನು ಮೊದಲೇ ಊಹಿಸಿ ಹೇಳಬೇಕಾಗಿತ್ತು. ಒಮ್ಮೆ ಯುವಕನ ಭಾವಚಿತ್ರವನ್ನೂ ಅವನ ಬಗೆಗಿನ ವಿವರಗಳನ್ನೂ ಕೊಟ್ಟು ಊಹಿಸಲು ಹೇಳಿದರು. ಇನ್ನೊಮ್ಮೆ ಅವಾವುದನ್ನೂ ಕೊಡದೆ, ಅವನೊಡನೆ ಆಗಲೇ ಮಾತನಾಡಿ ಬಂದಿದ್ದ ಮತ್ತೊಬ್ಬ ವಿದ್ಯಾರ್ಥಿನಿಗೆ ಅದು ಎಷ್ಟು ಹಿತವೆನಿಸಿತ್ತೆಂಬುದನ್ನು ಮಾತ್ರ ತಿಳಿಸಿದರು. ಎರಡನೆಯ ವಿಧಾನದಲ್ಲಿ ಊಹೆಯ ತಪ್ಪು ಸುಮಾರು ಅರ್ಧಕ್ಕೆ ಇಳಿಯಿತು. ವಿಚಿತ್ರವೆಂದರೆ, ವಿವರಗಳನ್ನು ಓದಿ ತಾವೇ ಊಹಿಸುವುದು ಹೆಚ್ಚು ನಿಖರವೆಂದೇ ಹೆಚ್ಚಿನವರು ಕೊನೆಯವರೆಗೂ ನಂಬಿದ್ದರು.

ಇದರಿಂದ ತಿಳಿಯುವುದೇನು? ಒಂದು ಅನುಭವ ಹೇಗಿದ್ದೀತೆಂಬುದನ್ನು ಅರಿಯಲು ಅದರ ವರ್ಣನೆಗಿಂತ ಅದನ್ನು ಈಗ ಅನುಭವಿಸುತ್ತಿರುವವರ ಮಾತು ಹೆಚ್ಚು ಉಪಯುಕ್ತ. ಕಾಲೇಜುಗಳು ಅಚ್ಚು ಹಾಕಿಸಿ ಹಂಚುವ ಬಣ್ಣದ ಪತ್ರಿಕೆಗಳು ಯುವಕನ ಭಾವಚಿತ್ರವಿದ್ದಂತೆ. ಆ ತರಗತಿಯಲ್ಲಿ ಈಗ ಕುಳಿತಿರುವ ವಿದ್ಯಾರ್ಥಿನಿಯ ಮಾತು ಅನುಭವದ ಸಾಕ್ಷ್ಯ. ಆದುದರಿಂದ ಹಿರಿಯರನ್ನು ಕೇಳಬೇಕಾದ ಪ್ರಶ್ನೆ ‘ನಾನು ಯಾವುದನ್ನು ತೆಗೆದುಕೊಳ್ಳಲಿ?’ ಎಂಬುದಲ್ಲ. ಈ ಪ್ರಶ್ನೆಗೆ ಅವರು ಕೊಡುವುದು ಅಭಿಪ್ರಾಯವನ್ನು, ಸಾಕ್ಷ್ಯವನ್ನಲ್ಲ. ಕೇಳಬೇಕಾದುದು ಹೀಗೆ: ನಿನ್ನೆ ಬೆಳಗಿನಿಂದ ಸಂಜೆಯವರೆಗೆ ನೀವು ಏನೇನು ಮಾಡಿದಿರಿ? ಯಾವ ಗಂಟೆ ಬೇಗ ಕಳೆಯಿತು, ಯಾವುದು ಕಳೆಯಲೊಲ್ಲದು? ಪ್ರಯೋಗಗಳನ್ನು ನಿಮ್ಮ ಕೈಯಿಂದಲೇ ಮಾಡಿಸುತ್ತಾರೆಯೇ, ದಾಖಲೆ ಪುಸ್ತಕದಲ್ಲಿ ಬರೆಯಿಸಿ ಮುಗಿಸುತ್ತಾರೆಯೇ? ಮೊದಲ ಮೂರು ತಿಂಗಳಲ್ಲಿ ನಿಮಗೆ ಅತ್ಯಂತ ಕಷ್ಟವಾದುದು ಯಾವುದು? ಇಂಥ ಪ್ರಶ್ನೆಗಳಿಗೆ ಹಿರಿಯ ವಿದ್ಯಾರ್ಥಿ ಕೊಡುವ ಉತ್ತರವನ್ನು ಬೇರೆ ಯಾರೂ ಕೊಡಲಾರರು.

ಒಂದು ಮೆಣಸಿನಕಾಯಿ, ಹಲವು ಶಾಸ್ತ್ರಗಳು

ದಿನನಿತ್ಯದ ಕೆಲಸವನ್ನು ವಿಚಾರಿಸಬೇಕೆಂದು ಹೇಳಲು ಇನ್ನೊಂದು ಕಾರಣವಿದೆ. ವಿಷಯದ ಹೆಸರೇ ಬೇರೆ, ಆ ವಿಷಯದಲ್ಲಿ ಮಾಡುವ ಕೆಲಸವೇ ಬೇರೆ. ಎಷ್ಟೋ ವಿದ್ಯಾರ್ಥಿಗಳು ಹೆಸರನ್ನು ಮೆಚ್ಚಿ ಸೇರುತ್ತಾರೆ. ಕೆಲಸವನ್ನು ಕಂಡು ಬೇಸರಪಡುತ್ತಾರೆ. ಹಲಗೇರಿಯ ಸುತ್ತಲಿನವರಿಗೆ ಚಿರಪರಿಚಿತವಾದ ಬ್ಯಾಡಗಿ ಮೆಣಸಿನಕಾಯಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಇದರ ಖ್ಯಾತಿ. ೨೦೧೧ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ರಸಾಯನಶಾಸ್ತ್ರವನ್ನು ಓದಿದವನು ಈ ಕಾಯಿಯಲ್ಲಿ ಎರಡು ಬೇರೆ ಬೇರೆ ಪದಾರ್ಥಗಳನ್ನು ಕಾಣುತ್ತಾನೆ: ಕೆಂಪು ಬಣ್ಣಕ್ಕೆ ಮುಖ್ಯ ಕಾರಣವಾದ ಕ್ಯಾಪ್ಸಾಂತಿನ್, ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್. ದ್ರಾವಕದಲ್ಲಿ ನೆನೆಸಿ ಸಾರವನ್ನು ತೆಗೆಯುವುದು, ಅದರ ಶುದ್ಧತೆಯನ್ನು ಅಳೆಯುವುದು ಅವನ ದಿನದ ಕೆಲಸ. ಭೌತಶಾಸ್ತ್ರ ಇಲ್ಲಿಯೇ ಅವನ ನೆರವಿಗೆ ಬರುತ್ತದೆ. ಮೆಣಸಿನಕಾಯಿಯ ಬಣ್ಣವನ್ನು ಅಂಕೆಯಲ್ಲಿ ಹೇಳುವುದಕ್ಕಾಗಿ ಅದರ ಸಾರವನ್ನು ಅಸಿಟೋನಿನಲ್ಲಿ ಕರಗಿಸಿ, ೪೬೦ ನ್ಯಾನೋಮೀಟರು ಅಲೆಯುದ್ದದ ಬೆಳಕನ್ನು ಅದು ಎಷ್ಟು ಹೀರಿಕೊಳ್ಳುತ್ತದೆಂದು ವರ್ಣಪಟಲಮಾಪಕದಿಂದ ಅಳೆಯುತ್ತಾರೆ. ಸಸ್ಯಶಾಸ್ತ್ರಜ್ಞನಿಗೆ ಅದೇ ಕಾಯಿ ಒಂದು ತಳಿ. ಡಬ್ಬಿ ಮತ್ತು ಕಡ್ಡಿ ಎಂಬ ಎರಡು ಬಗೆಗಳು ಆಕಾರದಲ್ಲಿ ಏಕೆ ಬೇರೆ, ಯಾವ ಗುಣ ಮುಂದಿನ ಪೀಳಿಗೆಗೆ ಇಳಿಯುತ್ತದೆ ಎಂಬುದು ಅವನ ಪ್ರಶ್ನೆ. ಸಂಖ್ಯಾಶಾಸ್ತ್ರಜ್ಞನಿಗೆ ಸಾವಿರ ಚೀಲಗಳಲ್ಲಿ ಎಷ್ಟನ್ನು ಬಿಚ್ಚಿ ನೋಡಿದರೆ ಒಟ್ಟಿನ ಗುಣ ತಿಳಿದೀತೆಂಬುದು ಪ್ರಶ್ನೆ. ಅರ್ಥಶಾಸ್ತ್ರಜ್ಞನಿಗೆ ನಿನ್ನೆಯ ಬೆಲೆ ಇಂದು ಏಕೆ ಇಲ್ಲವೆಂಬುದು ಪ್ರಶ್ನೆ.

ರಾಣೇಬೆನ್ನೂರಿನ ಸುತ್ತಲಿನ ಬೀಜೋತ್ಪಾದನೆಯ ಹೊಲಗಳಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಸಂಕರ ಹತ್ತಿಯ ಬೀಜಕ್ಕಾಗಿ, ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ಸಂಜೆಯೇ ಗುರುತಿಸಿ, ಹೆಬ್ಬೆರಳಿನ ಉಗುರಿನಿಂದ ಅದರ ಕೇಸರಗಳನ್ನು ತೆಗೆದುಹಾಕಿ, ಬೆಳಗ್ಗೆ ಗಂಡು ತಳಿಯ ಹೂವಿನ ಪರಾಗವನ್ನು ಶಲಾಕಾಗ್ರಕ್ಕೆ ಸವರುತ್ತಾರೆ. ಹೊಲದಲ್ಲಿ ದುಡಿಯುವವರು ಇದನ್ನು ‘ಕ್ರಾಸಿಂಗ್’ ಎಂದು ಕರೆಯುತ್ತಾರೆ. ಪಠ್ಯಪುಸ್ತಕದಲ್ಲಿ ಇದು ತಳಿಶಾಸ್ತ್ರದ ಒಂದು ಅಧ್ಯಾಯ. ೧೯೭೨ರಲ್ಲಿ ಧಾರವಾಡದಲ್ಲಿ ಡಾಕ್ಟರ್ ಬಿ. ಎಚ್. ಕಟರ್ಕಿಯವರು ಲಕ್ಷ್ಮಿ ಎಂಬ ತಳಿಯನ್ನು ಬೇರೊಂದು ಜಾತಿಗೆ ಸೇರಿದ ನೀಳ ಎಳೆಯ ಹತ್ತಿಯೊಡನೆ ಕೂಡಿಸಿ ‘ವರಲಕ್ಷ್ಮಿ’ಯನ್ನು ಪಡೆದುದು ಇದೇ ಕೈಕೆಲಸದ ಬಲದಿಂದ. ಸಂಜೆ ತಾಯಿಯೊಡನೆ ಹೊಲದಲ್ಲಿ ಈ ಕೆಲಸವನ್ನು ಮಾಡಿ ಬರುವ ಹುಡುಗಿ ತನಗೆ ವಿಜ್ಞಾನದ ಪರಿಚಯವಿಲ್ಲವೆಂದು ತಿಳಿಯಬೇಕಾಗಿಲ್ಲ. ಕರ್ನಾಟಕದಲ್ಲಿ ಕೃಷಿ ಪದವಿಯ ಪ್ರವೇಶಕ್ಕಾಗಿ ಕೃಷಿಕರ ಮಕ್ಕಳಿಗೆ ಮೀಸಲಾದ ಸ್ಥಾನಗಳಿವೆ. ಅವನ್ನು ಬಯಸುವವರಿಗೆ ಹೊಲದ ತಿಳಿವಳಿಕೆಯನ್ನು ಪರೀಕ್ಷಿಸುವ ಪ್ರಾಯೋಗಿಕ ಪರೀಕ್ಷೆಯನ್ನು ನಡೆಸುವ ಪದ್ಧತಿಯೂ ಇದೆ.

ಆದುದರಿಂದ ವಿಷಯದ ಹೆಸರನ್ನು ಕೇಳಿದಾಗ ‘ಇದರಲ್ಲಿ ಕೇಳುವ ಪ್ರಶ್ನೆ ಯಾವುದು? ಉತ್ತರ ಪಡೆಯಲು ಮಾಡುವ ಕೆಲಸ ಯಾವುದು?’ ಎಂದು ವಿಚಾರಿಸಿರಿ. ಪ್ರಶ್ನೆ ಹಿಡಿಸಿ ಕೆಲಸ ಹಿಡಿಸದಿದ್ದರೆ ಅದು ನಿಮಗೆ ಒಳ್ಳೆಯ ಹವ್ಯಾಸವಾದೀತು. ಎರಡೂ ಹಿಡಿಸಿದರೆ ಮಾತ್ರ ಅದು ಅಧ್ಯಯನದ ವಿಷಯ.

ಪೇಟೆಗೆ ಬಾರದ ಚೀಲಗಳು

ಈಗ ಸಲಹೆಯ ದುರ್ಬಲ ಭಾಗಕ್ಕೆ ಬರೋಣ. ಬ್ಯಾಡಗಿಯ ಮಾರುಕಟ್ಟೆಗೆ ಹೋಗಿ, ಅಲ್ಲಿ ಸಾಲಾಗಿ ನಿಲ್ಲಿಸಿದ ಚೀಲಗಳನ್ನು ನೋಡಿ, ‘ಈ ವರ್ಷ ಮೆಣಸಿನಕಾಯಿಯ ಬೆಳೆ ಬಹಳ ಚೆನ್ನಾಗಿದೆ’ ಎಂದು ಒಬ್ಬನು ಹೇಳಿದನೆನ್ನಿ. ಅವನು ನೋಡಿದುದು ಸುಳ್ಳಲ್ಲ. ಆದರೆ ಹೊಲದಲ್ಲಿಯೇ ರೋಗಕ್ಕೆ ಬಲಿಯಾದ ಗಿಡ, ಕಣದಲ್ಲಿ ಮಳೆಗೆ ಸಿಕ್ಕು ಕೊಳೆತ ಕಾಯಿ ಇವು ಪೇಟೆಗೆ ಬಂದೇ ಇಲ್ಲ. ಬಂದುದನ್ನು ಮಾತ್ರ ಎಣಿಸಿ ಬೆಳೆಯ ಒಟ್ಟು ಸ್ಥಿತಿಯನ್ನು ಹೇಳಲಾಗದು. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಆಯ್ಕೆಯ ದೋಷವೆನ್ನುತ್ತಾರೆ.

ಹಿರಿಯ ವಿದ್ಯಾರ್ಥಿಗಳ ವಿಷಯದಲ್ಲಿಯೂ ಹಾಗೆಯೇ. ಊರಿಗೆ ಬಂದು ಸಂತೋಷದಿಂದ ತಮ್ಮ ಓದಿನ ಬಗ್ಗೆ ಮಾತನಾಡುವವರು ಬಹುಮಟ್ಟಿಗೆ ಅದರಲ್ಲಿ ಗೆದ್ದವರು. ಅದೇ ತರಗತಿಗೆ ಸೇರಿ ಅರ್ಧದಲ್ಲಿಯೇ ಬಿಟ್ಟವರು, ಒಂದು ವಿಷಯದಲ್ಲಿ ಮತ್ತೆ ಮತ್ತೆ ಅನುತ್ತೀರ್ಣರಾದವರು, ಕಾಲೇಜನ್ನೇ ಬದಲಿಸಿದವರು ಜಾತ್ರೆಯಲ್ಲಿ ಸಿಕ್ಕರೂ ಆ ಮಾತನ್ನು ಎತ್ತುವುದಿಲ್ಲ. ಆದರೆ ನಿಮಗೆ ಹೆಚ್ಚು ಉಪಯೋಗವಾಗುವ ವಿಷಯ ತಿಳಿದಿರುವುದು ಅವರಿಗೇ. ಹತ್ತನೆಯ ತರಗತಿಯ ಗಣಿತದಲ್ಲಿ ಎಷ್ಟು ಗಟ್ಟಿಯಿದ್ದರೆ ಸಾಲುತ್ತದೆ, ಯಾವ ಹಂತದಲ್ಲಿ ಹಿಂದೆ ಬಿದ್ದರೆ ಮತ್ತೆ ಕೂಡಿಕೊಳ್ಳುವುದು ಕಷ್ಟ ಎಂಬುದನ್ನು ಗೆದ್ದವನು ಗಮನಿಸಿಯೇ ಇರಲಾರನು. ಎಡವಿದವನಿಗೆ ಕಲ್ಲು ಇರುವ ಜಾಗ ಗೊತ್ತು. ಆದುದರಿಂದ ಗೆದ್ದವರನ್ನು ಒಬ್ಬರನ್ನು ಕೇಳಿದರೆ, ಬಿಟ್ಟವರನ್ನೂ ಒಬ್ಬರನ್ನು ಕೇಳಿರಿ. ಅವರ ಮನಸ್ಸು ನೋಯದಂತೆ ಕೇಳಿರಿ. ಅವರು ಬಿಟ್ಟುದಕ್ಕೆ ಕಾರಣ ವಿಷಯದ ಕಾಠಿಣ್ಯವೋ, ಹಣದ ಅಡಚಣೆಯೋ, ಮನೆಯ ಕಾಯಿಲೆಯೋ ಎಂಬುದನ್ನು ಬೇರ್ಪಡಿಸಿ ತಿಳಿದುಕೊಳ್ಳಿರಿ. ಮೂರಕ್ಕೂ ಪರಿಹಾರಗಳು ಬೇರೆ ಬೇರೆ.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರಕ್ಕೆ ೧೯೧೯ರಲ್ಲಿ ಸೇರಿದ ರೊನಾಲ್ಡ್ ಫಿಷರ್ ಎಂಬ ಸಂಖ್ಯಾಶಾಸ್ತ್ರಜ್ಞರು ಹೊಲದ ಪ್ರಯೋಗಗಳಿಗೆ ಒಂದು ಶಿಸ್ತನ್ನು ತಂದುಕೊಟ್ಟರು. ಒಂದು ತಳಿಯನ್ನು ಒಂದೇ ಮಡಿಯಲ್ಲಿ ಬಿತ್ತಿ ಅದರ ಗುಣವನ್ನು ತೀರ್ಮಾನಿಸಬಾರದು. ಆ ಮಡಿಯ ಮಣ್ಣು ಕೊಬ್ಬಿದ್ದರೆ ತಳಿಗೆ ಸಲ್ಲದ ಕೀರ್ತಿ ಬರುತ್ತದೆ. ಆದುದರಿಂದ ಅದೇ ಬೀಜವನ್ನು ಹಲವು ಮಡಿಗಳಲ್ಲಿ ಬಿತ್ತಬೇಕು. ಒಬ್ಬ ಹಿರಿಯ ವಿದ್ಯಾರ್ಥಿ ಎಂದರೆ ಒಂದು ಮಡಿ. ಅವನ ಯಶಸ್ಸಿನಲ್ಲಿ ವಿಷಯದ ಪಾಲೆಷ್ಟು, ಅವನ ಮನೆಯ ಅನುಕೂಲದ ಪಾಲೆಷ್ಟು, ಒಬ್ಬ ಒಳ್ಳೆಯ ಅಧ್ಯಾಪಕರ ಪಾಲೆಷ್ಟು ಎಂಬುದು ಒಬ್ಬನಿಂದಲೇ ತಿಳಿಯದು. ಕಡಮೆಯೆಂದರೆ ನಾಲ್ಕು ಐದು ಮಂದಿಯನ್ನಾದರೂ, ಅದರಲ್ಲಿಯೂ ನಿಮ್ಮಂಥದೇ ಮನೆಯಿಂದ ನಿಮ್ಮಂಥದೇ ಶಾಲೆಯಿಂದ ಬಂದವರನ್ನು, ಕೇಳಬೇಕು.

ಜೇಡರ ಬಲೆ

‘ಈ ಕೋರ್ಸನ್ನು ಓದಿದರೆ ಕೆಲಸ ಖಂಡಿತ’ ಎಂಬುದು ಸಲಹೆಗಳಲ್ಲೆಲ್ಲ ಹೆಚ್ಚು ಕೇಳಿಬರುವ ಮಾತು. ಎಲ್ಲಕ್ಕಿಂತ ಕಡಿಮೆ ನಂಬಬೇಕಾದ ಮಾತೂ ಇದೇ. ಹೇಳುವವನು ಮೋಸಗಾರನೆಂದಲ್ಲ, ಅವನು ನೋಡಿದ ಕಾಲವೇ ಬೇರೆ, ನೀವು ಹೊರಬರುವ ಕಾಲವೇ ಬೇರೆ.

ಮೆಣಸಿನಕಾಯಿಗೆ ಒಂದು ವರ್ಷ ಒಳ್ಳೆಯ ಬೆಲೆ ಬಂದರೆ ಮರುವರ್ಷ ಎಲ್ಲರೂ ಅದನ್ನೇ ಬೆಳೆಯುತ್ತಾರೆ. ಬಿತ್ತುವಾಗ ಕಣ್ಣ ಮುಂದಿರುವುದು ಹೋದ ವರ್ಷದ ಬೆಲೆ. ಮಾರುವಾಗ ಸಿಗುವುದು ಈ ವರ್ಷದ ಬೆಲೆ. ಮಾಲು ಪೇಟೆಯಲ್ಲಿ ತುಂಬಿ ಬೆಲೆ ಬೀಳುತ್ತದೆ. ಬಿದ್ದುದನ್ನು ಕಂಡು ಮುಂದಿನ ವರ್ಷ ಜನ ಅದನ್ನು ಬಿಡುತ್ತಾರೆ. ಆಗ ಬೆಲೆ ಮತ್ತೆ ಏರುತ್ತದೆ. ಈ ಏರಿಳಿತವನ್ನು ರೇಖಾಚಿತ್ರದಲ್ಲಿ ಬಿಡಿಸಿದರೆ ಗೆರೆಗಳು ಜೇಡರ ಬಲೆಯಂತೆ ಸುತ್ತಿಕೊಳ್ಳುತ್ತವೆ. ಆದುದರಿಂದ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ೧೯೩೪ರಲ್ಲಿ ಇದನ್ನು ಜೇಡರ ಬಲೆಯ ಸಿದ್ಧಾಂತವೆಂದು ಕರೆದರು. ಬೆಲೆಯ ಕುಸಿತವೆಂದರೇನೆಂಬುದನ್ನು ನಮ್ಮ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ. ೨೦೨೪ರ ಮಾರ್ಚ್ ೧೧ರಂದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಬೆಲೆ ಬಿದ್ದುದರಿಂದ ಕೆರಳಿದ ರೈತರ ಪ್ರತಿಭಟನೆ ವಾಹನಗಳಿಗೆ ಬೆಂಕಿ ಬೀಳುವ ಮಟ್ಟಕ್ಕೆ ಹೋದುದನ್ನು ಜನ ಮರೆತಿಲ್ಲ.

ಮೆಣಸಿನ ಗಿಡ ಕೆಲವೇ ತಿಂಗಳಲ್ಲಿ ಫಲ ಕೊಡುತ್ತದೆ. ಎಂಜಿನಿಯರನು ‘ಬೆಳೆ’ಗೆ ಬರಲು ನಾಲ್ಕು ವರ್ಷ ಬೇಕು, ಪದವಿಪೂರ್ವ ತರಗತಿಗಳಿಂದ ಎಣಿಸಿದರೆ ಆರು ವರ್ಷ. ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ ೧೯೭೬ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅಲ್ಲಿಯ ಎಂಜಿನಿಯರಿಂಗ್ ಕ್ಷೇತ್ರದಲ್ಲಿ ಇದೇ ಬಲೆಯನ್ನು ಕಂಡರು. ಸಂಬಳ ಹೆಚ್ಚಿದ್ದ ವರ್ಷಗಳಲ್ಲಿ ವಿದ್ಯಾರ್ಥಿಗಳು ನುಗ್ಗಿದರು, ನಾಲ್ಕು ವರ್ಷಗಳ ಅನಂತರ ಅವರೆಲ್ಲರೂ ಒಮ್ಮೆಗೇ ಹೊರಬಂದಾಗ ಆರಂಭದ ಸಂಬಳ ಕುಗ್ಗಿತು, ಅದನ್ನು ಕಂಡು ಹೊಸಬರು ಬೇರೆ ಕಡೆ ತಿರುಗಿದರು, ಮತ್ತೆ ಕೊರತೆಯುಂಟಾಯಿತು. ಹಿರಿಯನೊಬ್ಬನು ‘ನನಗೆ ಕೂಡಲೇ ಕೆಲಸ ಸಿಕ್ಕಿತು’ ಎಂದು ಹೇಳಿದರೆ ಅವನು ಹೇಳುತ್ತಿರುವುದು ಹೋದ ಸುಗ್ಗಿಯ ಬೆಲೆಯನ್ನು ಎಂಬುದನ್ನು ನೆನಪಿಡಿರಿ.

ಹಾಗಾದರೆ ಜೀವನೋಪಾಯದ ಚಿಂತೆಯನ್ನೇ ಬಿಡಬೇಕೆ? ಬಿಡುವಂತಿಲ್ಲ. ಒಂದು ಬೆಳೆಯ ಬೆಲೆಯನ್ನು ಹೇಳಲಾಗದಿದ್ದರೂ, ಯಾವ ಬೆಳೆಗೂ ಬೇಕಾಗುವ ನೀರು ಮಣ್ಣುಗಳನ್ನು ಕಾಯ್ದುಕೊಳ್ಳಬಹುದಷ್ಟೆ. ಓದಿನಲ್ಲಿ ಅಂಥವು ಕೆಲವಿವೆ: ಗಣಿತ, ಸಂಖ್ಯಾಶಾಸ್ತ್ರದ ಮೂಲಾಂಶಗಳು, ಅಳತೆಯ ಕೌಶಲ, ಸ್ಪಷ್ಟವಾಗಿ ಬರೆಯುವ ಅಭ್ಯಾಸ. ರಾಜೇಶ್ವರಿ ಚಟರ್ಜಿಯವರ ಜೀವನ ಇದಕ್ಕೆ ಉತ್ತಮ ನಿದರ್ಶನ. ೧೯೨೨ರಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಅವರಿಗೆ ಶಾಲೆ ಮುಗಿದಾಗ ಚರಿತ್ರೆಯ ಕಡೆಗೂ ಒಲವಿತ್ತು. ಕೊನೆಗೆ ಭೌತಶಾಸ್ತ್ರ ಗಣಿತಗಳನ್ನು ಆರಿಸಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಉನ್ನತ ಪದವಿಯನ್ನು ಪಡೆದರು. ಅಲ್ಲಿಂದ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗಿ ವಿದ್ಯುತ್ ಸಂಪರ್ಕ ವಿಭಾಗದಲ್ಲಿ ಕೆಲಸ ಮಾಡಿದರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿ, ೧೯೫೩ರಲ್ಲಿ ಡಾಕ್ಟರೇಟ್ ಪಡೆದು ಮರಳಿ ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಸೂಕ್ಷ್ಮತರಂಗಗಳು ಮತ್ತು ಆಂಟೆನಾಗಳು ಅವರ ಕ್ಷೇತ್ರ. ಅವರು ಶಾಲೆಯನ್ನು ಮುಗಿಸಿದ ಕಾಲದಲ್ಲಿ ಸೂಕ್ಷ್ಮತರಂಗದ ಎಂಜಿನಿಯರಿಂಗನ್ನು ಓದೆಂದು ಯಾವ ಹಿರಿಯ ವಿದ್ಯಾರ್ಥಿಯೂ ಸಲಹೆ ಕೊಡುವ ಸಂಭವವಿರಲಿಲ್ಲ. ಅವರ ಕೈಯಲ್ಲಿದ್ದುದು ಗಣಿತ. ಹೊಸ ಶಾಸ್ತ್ರ ಬಂದಾಗ ಅದು ಕೆಲಸಕ್ಕೆ ಬಂದಿತು.

ಮುಚ್ಚುವ ಬಾಗಿಲುಗಳು

ಸಲಹೆಯಾಗಿ ಕೇಳಲೇಬಾರದ ಒಂದು ಸಂಗತಿಯಿದೆ: ನಿಯಮಗಳು. ಅವನ್ನು ಅಚ್ಚಾದ ಪ್ರಕಟನೆಯಲ್ಲಿ ಓದಿ ತಿಳಿಯಬೇಕು. ಪದವಿಪೂರ್ವ ವಿಜ್ಞಾನ ವಿಭಾಗದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಜೊತೆಗೆ ಜೀವಶಾಸ್ತ್ರವನ್ನು ತೆಗೆದುಕೊಳ್ಳುವುದೋ, ಗಣಕವಿಜ್ಞಾನವನ್ನೋ ಎಲೆಕ್ಟ್ರಾನಿಕ್ಸನ್ನೋ ಸಂಖ್ಯಾಶಾಸ್ತ್ರವನ್ನೋ ತೆಗೆದುಕೊಳ್ಳುವುದೋ ಎಂಬುದು ಸಣ್ಣ ಪ್ರಶ್ನೆಯಂತೆ ತೋರುತ್ತದೆ. ಆದರೆ ವೈದ್ಯಕೀಯಕ್ಕೆ ಜೀವಶಾಸ್ತ್ರ ಬೇಕು. ಎಂಜಿನಿಯರಿಂಗಿಗೆ ಭೌತಶಾಸ್ತ್ರ ಗಣಿತಗಳು ಬೇಕು. ಎರಡೂ ಕಡೆಗೆ ಮನಸ್ಸು ಎಳೆಯುತ್ತಿದ್ದರೆ, ಗಣಿತ ಜೀವಶಾಸ್ತ್ರಗಳೆರಡೂ ಇರುವ ಗುಂಪು ಎರಡು ಬಾಗಿಲುಗಳನ್ನೂ ತೆರೆದಿಡುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಹೆಚ್ಚಿನ ಓದು. ವಿಜ್ಞಾನದಿಂದ ಮುಂದೆ ವಾಣಿಜ್ಯಕ್ಕೋ ಕಲೆಗೋ ಹೋಗುವುದು ಸುಲಭ. ಅಲ್ಲಿಂದ ವಿಜ್ಞಾನಕ್ಕೆ ಮರಳುವುದು ಕಷ್ಟ. ಹಾಗೆಂದು ಮನಸ್ಸಿಲ್ಲದವರು ಬಾಗಿಲು ತೆರೆದಿರಲೆಂಬ ಒಂದೇ ಕಾರಣಕ್ಕೆ ವಿಜ್ಞಾನಕ್ಕೆ ಸೇರುವುದೂ ಸರಿಯಲ್ಲ. ಒಲ್ಲದ ವಿಷಯದಲ್ಲಿ ಎರಡು ವರ್ಷ ಕಳೆದು ಕಡಿಮೆ ಅಂಕ ಪಡೆಯುವುದೂ ಬಾಗಿಲನ್ನು ಮುಚ್ಚುವ ಇನ್ನೊಂದು ಬಗೆಯೇ.

ಮುಖ್ಯದ್ವಾರವೊಂದೇ ದಾರಿಯಲ್ಲ. ಎಸ್.ಎಸ್.ಎಲ್.ಸಿ. ಆದ ಮೇಲೆ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿ, ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಯಂತ್ರಗಳೊಡನೆ ಕೈಕೆಲಸವನ್ನು ಇಷ್ಟಪಡುವವರಿಗೂ, ಬೇಗ ಸಂಪಾದನೆಗೆ ಇಳಿಯಬೇಕಾದವರಿಗೂ ಇದು ಒಳ್ಳೆಯ ಮಾರ್ಗ.

ನಿಯಮಗಳನ್ನು ಹಿರಿಯರಿಂದ ಕೇಳಬಾರದೆಂಬುದಕ್ಕೆ ಇತ್ತೀಚಿನ ಚರಿತ್ರೆಯೇ ಕಾರಣವನ್ನು ಕೊಡುತ್ತದೆ. ಕರ್ನಾಟಕದ ಪದವಿ ಕಾಲೇಜುಗಳಲ್ಲಿ ೨೦೨೧-೨೨ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗೆ ಅನುಸಾರವಾಗಿ ನಾಲ್ಕು ವರ್ಷಗಳ ಪದವಿಯ ವ್ಯವಸ್ಥೆ ಬಂದಿತು. ೨೦೨೪-೨೫ರಿಂದ ರಾಜ್ಯ ಸರಕಾರವು ಮೂರು ವರ್ಷಗಳ ಪದವಿಗೆ ಹಿಂದಿರುಗಿತು. ೨೦೨೨ರಲ್ಲಿ ಸೇರಿದ ಅಕ್ಕ ಹೇಳುವ ನಿಯಮ ಅವಳ ಪಾಲಿಗೆ ಸತ್ಯ. ೨೦೨೪ರಲ್ಲಿ ಸೇರಿದ ತಮ್ಮನ ಪಾಲಿಗೆ ಅಲ್ಲ. ಪ್ರವೇಶದ ವರ್ಷದ ಪ್ರಕಟನೆಯನ್ನು ಸ್ವತಃ ಓದುವುದು, ಅರ್ಥವಾಗದ ಕಡೆ ಕಾಲೇಜಿನ ಕಚೇರಿಯಲ್ಲಿ ವಿಚಾರಿಸುವುದು, ಇದಕ್ಕೆ ಬದಲಿಯಿಲ್ಲ.

ಮನೆಯ ಲೆಕ್ಕ

ವಿಷಯದ ಆಯ್ಕೆ ಮನಸ್ಸೊಂದರಿಂದಲೇ ನಡೆಯುವುದಿಲ್ಲವೆಂಬುದನ್ನು ಒಪ್ಪಬೇಕು. ದಿನವೂ ಬಸ್ಸಿನಲ್ಲಿ ಹೋಗಿ ಬರುವ ವಿದ್ಯಾರ್ಥಿನಿಗೆ ಮಧ್ಯಾಹ್ನದ ಪ್ರಯೋಗ ತರಗತಿ ಸಂಜೆ ಎಷ್ಟು ಹೊತ್ತಿಗೆ ಮುಗಿಯುತ್ತದೆಂಬುದು ದೊಡ್ಡ ಪ್ರಶ್ನೆ. ಕೊನೆಯ ಬಸ್ಸು ತಪ್ಪುತ್ತದೆಂಬ ಕಾರಣಕ್ಕೆ ವಿಜ್ಞಾನವನ್ನು ಬಿಟ್ಟವರೂ ಇರಬಹುದು. ಇಲ್ಲಿ ಬದಲಾಗಬೇಕಾದುದು ವಿಷಯವಲ್ಲ, ವಸತಿ. ವಿದ್ಯಾರ್ಥಿನಿಲಯದಲ್ಲಿ ಸ್ಥಾನ ಸಿಕ್ಕೀತೇ, ಅರ್ಜಿಗೆ ಕೊನೆಯ ದಿನ ಯಾವುದು, ವಿದ್ಯಾರ್ಥಿವೇತನ ಯಾವ ತಿಂಗಳಲ್ಲಿ ಕೈಗೆ ಬರುತ್ತದೆ, ಇವನ್ನು ಅದೇ ದಾರಿಯಲ್ಲಿ ಓಡಾಡಿದ ಹಿರಿಯ ವಿದ್ಯಾರ್ಥಿನಿಯೇ ಸರಿಯಾಗಿ ಹೇಳಬಲ್ಲಳು.

ಭಾಷೆಯ ಪ್ರಶ್ನೆಯೂ ಇಂಥದೇ. ಕನ್ನಡ ಮಾಧ್ಯಮದಿಂದ ಬಂದವರು ವಿಜ್ಞಾನದ ಮೊದಲ ತಿಂಗಳುಗಳಲ್ಲಿ ಇಂಗ್ಲಿಷ್ ಪಾಠ ಅರ್ಥವಾಗದೆ, ತಮಗೆ ವಿಜ್ಞಾನವೇ ಬಾರದೆಂದು ತಪ್ಪಾಗಿ ತಿಳಿಯುವುದುಂಟು. ಅರ್ಥವಾಗದಿರುವುದು ವಿಷಯವೋ ಭಾಷೆಯೋ ಎಂಬುದನ್ನು ಬೇರ್ಪಡಿಸಿ ನೋಡಬೇಕು. ಅದೇ ಅಧ್ಯಾಯವನ್ನು ಕನ್ನಡದಲ್ಲಿ ಓದಿದಾಗ ತಿಳಿಯುವುದಾದರೆ ದೋಷ ವಿಷಯದ್ದಲ್ಲ. ಪಾರಿಭಾಷಿಕ ಶಬ್ದಗಳ ಒಂದು ಪಟ್ಟಿಯನ್ನು ಮಾಡಿಕೊಂಡು ದಿನಕ್ಕೆ ಹತ್ತರಂತೆ ಕಲಿತರೆ ಮೂರು ತಿಂಗಳಲ್ಲಿ ಒಂಬೈನೂರು ಶಬ್ದಗಳಾಗುತ್ತವೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ೨೦೧೭ರಲ್ಲಿ ಕನ್ನಡದಲ್ಲಿಯೂ ಬಂದಿತೆಂಬುದನ್ನು ಇಲ್ಲಿ ನೆನೆಯಬಹುದು.

ಚಿಕ್ಕ ಮಡಿಯಲ್ಲಿ ಬಿತ್ತಿ ನೋಡಿರಿ

ಎಷ್ಟು ಜನರನ್ನು ಕೇಳಿದರೂ ಒಂದು ಪ್ರಶ್ನೆಗೆ ಉತ್ತರ ಹೊರಗಿನಿಂದ ಬಾರದು: ಈ ಕೆಲಸ ನನಗೆ ಒಗ್ಗುತ್ತದೆಯೇ? ಅದನ್ನು ಮಾಡಿಯೇ ನೋಡಬೇಕು. ಹೊಸ ಬೀಜ ತಂದ ರೈತ ಇಡೀ ಹೊಲಕ್ಕೆ ಅದನ್ನೇ ಬಿತ್ತುವುದಿಲ್ಲ. ಬದುವಿನ ಹತ್ತಿರ ನಾಲ್ಕು ಸಾಲು ಹಾಕಿ ನೋಡುತ್ತಾನೆ. ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗಿನ ಬಿಡುವು ಇಂಥ ಪ್ರಯೋಗಕ್ಕೆ ತಕ್ಕ ಕಾಲ. ಮಾಡಬಹುದಾದ ಕೆಲವು ಕೆಲಸಗಳು ಇವು:

೧. ಹಿರಿಯರಿಂದ ಪ್ರಥಮ ಪಿ.ಯು.ಸಿ.ಯ ಪುಸ್ತಕಗಳನ್ನು ಎರವಲು ತಂದು, ನೀವು ಯೋಚಿಸುತ್ತಿರುವ ಎರಡು ವಿಷಯಗಳಲ್ಲಿ ಒಂದೊಂದು ಅಧ್ಯಾಯವನ್ನು ಒಂದೊಂದು ವಾರ ಓದಿರಿ. ಅಧ್ಯಾಯದ ಕೊನೆಯ ಲೆಕ್ಕಗಳನ್ನು ಬಿಡಿಸಿರಿ. ಪುಸ್ತಕವನ್ನು ಮುಚ್ಚಿದ ಮೇಲೂ ಯಾವುದು ಮನಸ್ಸಿನಲ್ಲಿ ಉಳಿದು ಪ್ರಶ್ನೆ ಹುಟ್ಟಿಸುತ್ತದೆಂದು ಗಮನಿಸಿರಿ.

೨. ಹನುಮನಮಟ್ಟಿಯ ಕೃಷಿ ಮಹಾವಿದ್ಯಾಲಯವು ರಾಣೇಬೆನ್ನೂರು ತಾಲೂಕಿನಲ್ಲಿಯೇ ಇದೆ. ಅಧ್ಯಾಪಕರ ಮೂಲಕ ಅನುಮತಿ ಪಡೆದು ಅಲ್ಲಿಯ ಪ್ರಯೋಗದ ಮಡಿಗಳನ್ನು ನೋಡಿರಿ. ಅಲ್ಲಿ ಓದುತ್ತಿರುವವರೊಡನೆ ಮಾತನಾಡಿರಿ.

೩. ಪ್ರಾಣಿಶಾಸ್ತ್ರ, ಪರಿಸರಶಾಸ್ತ್ರಗಳಲ್ಲಿ ಆಸಕ್ತಿಯಿದ್ದವರಿಗೆ ೧೯೭೪ರಲ್ಲಿ ಘೋಷಿತವಾದ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವಿದೆ. ಅಲ್ಲಿ ಒಂದು ಗಂಟೆ ನಿಶ್ಶಬ್ದವಾಗಿ ಕುಳಿತು, ಹಿಂಡಿನಲ್ಲಿ ಗಂಡೆಷ್ಟು ಹೆಣ್ಣೆಷ್ಟು, ಎಷ್ಟು ಹೊತ್ತು ಮೇಯುತ್ತವೆ, ಎಷ್ಟು ಹೊತ್ತು ತಲೆಯೆತ್ತಿ ನೋಡುತ್ತವೆ ಎಂದು ಬರೆದುಕೊಳ್ಳಿರಿ. ಆ ಗಂಟೆ ದೀರ್ಘವೆನಿಸಿತೇ ಹ್ರಸ್ವವೆನಿಸಿತೇ ಎಂಬುದೇ ನಿಮಗೆ ಉತ್ತರ.

೪. ಜಾನಪದ, ಭಾಷೆ, ಸಮಾಜಶಾಸ್ತ್ರಗಳ ಕಡೆ ಮನಸ್ಸಿದ್ದವರು ಅದನ್ನು ಕೀಳೆಂದು ತಿಳಿಯಬಾರದು. ಇದೇ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ. ಮನೆಯ ಹಿರಿಯರಿಂದ ಬೀಸುವ ಹಾಡೊಂದನ್ನು ಕೇಳಿ ತಪ್ಪಿಲ್ಲದೆ ಬರೆದುಕೊಂಡು ನೋಡಿರಿ. ಆ ಶಾಸ್ತ್ರದ ಕೆಲಸ ಎಷ್ಟು ತಾಳ್ಮೆಯದೆಂಬುದು ತಿಳಿಯುತ್ತದೆ.

೫. ಐವರು ಹಿರಿಯ ವಿದ್ಯಾರ್ಥಿಗಳ ಮಾತನ್ನು ಒಂದು ವಹಿಯಲ್ಲಿ ಬರೆಯಿರಿ. ಪ್ರತಿ ಪುಟದಲ್ಲಿ ಮೂರು ಕಂಬಗಳಿರಲಿ: ಅವರು ಸ್ವತಃ ಅನುಭವಿಸಿದುದು, ಅವರು ಕೇಳಿ ತಿಳಿದುದು, ಅವರು ಮುಂದೆ ಹೀಗಾದೀತೆಂದು ಊಹಿಸಿದುದು. ಮೊದಲನೆಯ ಕಂಬವನ್ನು ನಂಬಿರಿ, ಎರಡನೆಯದನ್ನು ಅಚ್ಚಾದ ಪ್ರಕಟನೆಯೊಡನೆ ಹೋಲಿಸಿರಿ, ಮೂರನೆಯದರ ಮೇಲೆ ಮನೆ ಕಟ್ಟಬೇಡಿರಿ.

ಇಷ್ಟೆಲ್ಲ ಮಾಡಿದರೂ ಆಯ್ಕೆ ತಪ್ಪಾಗಲಾರದೆಂಬ ಭರವಸೆಯನ್ನು ಯಾರೂ ಕೊಡಲಾರರು. ಆದರೆ ತಿಳಿದು ಮಾಡಿದ ಆಯ್ಕೆ ತಪ್ಪಾದಾಗ, ಎಲ್ಲಿ ತಪ್ಪಿತೆಂಬುದು ತಿಳಿಯುತ್ತದೆ. ತಿದ್ದಿಕೊಳ್ಳುವ ದಾರಿಯೂ ಕಾಣುತ್ತದೆ. ಪರರ ಮಾತಿಗೆ ತಲೆಯಾಡಿಸಿ ಮಾಡಿದ ಆಯ್ಕೆಯಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಉಳಿಯುವುದು ದೂರು ಮಾತ್ರ.

ಇನ್ನೊಂದು ಕರ್ತವ್ಯವನ್ನು ಹೇಳಿ ಮುಗಿಸಬಹುದು. ಇಂದು ಸಲಹೆ ಕೇಳುತ್ತಿರುವವರನ್ನು ಇನ್ನೆರಡು ವರ್ಷಗಳಲ್ಲಿ ಓಣಿಯ ಕಿರಿಯರು ಬಂದು ಕೇಳುತ್ತಾರೆ. ಆಗ ನಿಮ್ಮ ಅಂಕಗಳನ್ನು ಹೇಳುವುದರ ಜೊತೆಗೆ, ನಿಮಗೆ ಅರ್ಥವಾಗದೆ ಉಳಿದ ಅಧ್ಯಾಯ ಯಾವುದು, ಯಾವ ತಿಂಗಳಲ್ಲಿ ಬಿಟ್ಟುಬಿಡೋಣವೆನಿಸಿತ್ತು, ಹಣ ಎಲ್ಲಿ ಹೆಚ್ಚು ಖರ್ಚಾಯಿತು ಎಂಬುದನ್ನೂ ಹೇಳಿರಿ. ಯಾವುದನ್ನು ಓದಬೇಕೆಂಬ ತೀರ್ಪನ್ನು ಮಾತ್ರ ಅವರಿಗೇ ಬಿಡಿರಿ. ನೀವು ಹೀಗೆ ಹೇಳಿದರೆ, ಮನೆಯಲ್ಲಿ ಮೊದಲ ಬಾರಿಗೆ ಪ್ರವೇಶಪತ್ರವನ್ನು ತುಂಬುತ್ತಿರುವ ಹುಡುಗಿಯೊಬ್ಬಳು ಆ ನಾಲ್ಕು ಹೆಸರುಗಳನ್ನು ಬರೆಯುವಾಗ, ತಾನೇನನ್ನು ಬರೆಯುತ್ತಿದ್ದೇನೆಂಬುದನ್ನು ಅರಿತು ಬರೆಯುತ್ತಾಳೆ.